ಚೀನೀ ಸಿನಿಮಾದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಯಾಕೆ?

ಹೆಗ್ಗೋಡು_ಹೈದ:
ಮೊನ್ನೆ ಕರೆಂಟ್ ಇದ್ದಷ್ಟು ಹೊತ್ತು ಒಂದು ಚೀನೀ ಸೀರಿಯಲ್ ನೋಡಿದೆ. ಅವರದೇ ಭಾಷೆ, ಕೆಳಗೆ ಸಬ್‌ಟೈಟಲ್. ಆದ್ರೂ ತುಟಿಗೂ ಮಾತಿಗೂ ತಾಳಮೇಳ ಇಲ್ಲ. ಗುಡ್ಡದ ನೆತ್ತಿ ಮೇಲೆ ನಿಂತವನ ದನಿ ಬಚ್ಚಲುಮನೆಯಿಂದ ಬಂದಂಗಿತ್ತು. ಅಷ್ಟು ದುಡ್ಡು ಸುರಿಯೋರಿಗೆ ಒಂದು ಮೈಕ್ ಇಡಕ್ಕೆ ಎಂತ ಕಷ್ಟ?

ತೋಟದಮನೆ:
ನಮ್ಮಲ್ಲೂ ಡಬ್ಬಿಂಗೇ ಅಲ್ವಾ ಮಾರಾಯ್ರೆ.

ಹಾಳೆಟೋಪಿ:
ಬೆಂಗಳೂರಲ್ಲಿ ಆರು ವರ್ಷ ಫೋಲಿ ಕೆಲಸ (ಸಿನಿಮಾಕ್ಕೆ ಹೆಜ್ಜೆ, ಬಾಗಿಲು, ನೀರಿನ ಸದ್ದನ್ನೆಲ್ಲ ಸ್ಟುಡಿಯೋದಲ್ಲಿ ಮಾಡಿ ಕೂರಿಸೋದು) ಮಾಡಿ ಈಗ ತೀರ್ಥಹಳ್ಳೀಲಿ ತೋಟ ನೋಡ್ಕೊಂಡಿದೀನಿ. ಗೊತ್ತಿದ್ದಷ್ಟು ಹೇಳ್ತೀನಿ.

ಜೆಜಿಯಾಂಗ್ ಪ್ರಾಂತ್ಯದಲ್ಲಿ ಹೆಂಗ್‌ದಿಯನ್ ಅಂತ ಸೆಟ್ಟುಗಳದ್ದೇ ಊರಿದೆ. ಒಂದೇ ಅರಮನೆ, ಈ ಮೂಲೇಲಿ ಒಂದು ಯೂನಿಟ್, ಆ ಮೂಲೇಲಿ ಇನ್ನೊಂದು, ನಡುವೆ ಟಿಕೆಟ್ ತಗೊಂಡು ಬಂದ ಪ್ರವಾಸಿಗರು. ಮಾರಿಜಾತ್ರೆ ಮಧ್ಯೆ ತಾಳಮದ್ದಲೆ ರೆಕಾರ್ಡ್ ಮಾಡಿದಂಗೆ! ಅದಕ್ಕೇ ಮಾತನ್ನ ಆಮೇಲೆ ಸ್ಟುಡಿಯೋದಲ್ಲಿ ಕೂರಿಸ್ತಾರೆ.

ಉಚ್ಚಾರಣೆ ತಕರಾರೂ ಉಂಟು. ಹಾಂಗ್‌ಕಾಂಗ್ ನಟರ ಮನೆಮಾತು ಕ್ಯಾಂಟನೀಸ್, ಹಾಗಾಗಿ ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ಗೆ ಬೇರೆಯವರ ಕಂಠ. 2000ದಲ್ಲಿ ನಿರ್ದೇಶಕ ಆಂಗ್ ಲೀ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ನಲ್ಲಿ ಹಾಂಗ್‌ಕಾಂಗ್ ನಟ ಚೌ ಯುನ್-ಫ್ಯಾಟ್ ಅವರ ಸ್ವಂತ ದನಿಯನ್ನೇ ಇಟ್ಟರು. ಸಿನಿಮಾಕ್ಕೆ 4 ಆಸ್ಕರ್ ಬಂತು, ಮ್ಯಾಂಡರಿನ್ ಆಡೋರು ಮಾತ್ರ ಮೂಗು ಮುರಿದರು.

ಹಾಗಂತ ಧ್ವನೀಲಿ ಅವರು ಹಿಂದೆ ಅಂದ್ಕೋಬೇಡಿ. ಜಾಂಗ್ ಯಿಮೌ ಅವರ ‘ಹೀರೋ’ (2002) ನೋಡಿ. ನೀರು ತೊಟ್ಟಿಕ್ಕೋ ಅಂಗಳದಲ್ಲಿ ಕಾಳಗ, ಪಕ್ಕದಲ್ಲಿ ಮುದುಕನೊಬ್ಬ ತಂತಿವಾದ್ಯ ಮೀಟ್ತಿರ್ತಾನೆ. ಧ್ವನಿವಿನ್ಯಾಸ ತಾವೊ ಜಿಂಗ್ ಅವರದು. ಕಲ್ಲಿಗೆ ಬೀಳೋ ಹನಿ ಬೇರೆ, ಕತ್ತಿಗೆ ತಾಗೋ ಹನಿ ಬೇರೆ.

ಅದರ ಹುಚ್ಚು ಹಿಡಿದು ನಾನೂ ಮಳೆಹನಿ ಸದ್ದು ಹಿಡಿಯಕ್ಕೆ ಹಂಚಿನ ಮಾಡಿನ ಕೆಳಗೆ ಮೈಕ್ ಇಟ್ಟಿದ್ದೆ. ಕೇಳಿದ್ರೆ ಬಾಣಲೇಲಿ ಹಪ್ಪಳ ಕರಿದ ಸದ್ದು! ಕೊನೆಗೆ ಮನೆಯೊಳಗೆ ಬಾಗಿಲು ಹಾಕ್ಕೊಂಡು, ನೆನೆಸಿದ ಅಡಿಕೆ ಹಾಳೆ ಮೇಲೆ ಚಮಚದಿಂದ ಒಂದೊಂದೇ ಹನಿ ಬಿಟ್ಟೆ. ಒಂದು ‘ಟಪ್’ಗೆ ಇಡೀ ಮಧ್ಯಾಹ್ನ ಹೋಯ್ತು. ಅಮ್ಮ ಬಂದು, ‘ಹಾಳೆಗೆ ಔಷಧಿ ಕುಡಿಸ್ತಿದೀಯಾ?’ ಅಂದ್ಲು.

ಡಬ್ಬಿಂಗ್ ಬೇಡ ಅಂದ್ರೆ ನಿರ್ದೇಶಕ ಜಿಯಾ ಜಾಂಗ್‌ಕೆ ಅವರ ಸಿನಿಮಾ ನೋಡಿ. ಬೀದಿ ಗದ್ದಲ, ಊರಿನ ಆಡುಮಾತು, ಎಲ್ಲಾ ಇರ್ತದೆ. ನಂಗೆ ಅದೇ ಹೆಚ್ಚು ಇಷ್ಟ.

ಹೆಗ್ಗೋಡು_ಹೈದ:
ನಿನ್ನೆ ‘ಹೀರೋ’ ಹಾಕ್ಕೊಂಡು ಕೂತೆ. ಆ ಅಂಗಳ ಬರೋ ಹೊತ್ತಿಗೇ ನಮ್ಮನೆ ತಗಡಿನ ಮೇಲೆ ನಿಜದ್ದೇ ಸುರೀತು, ಎಂತದೂ ಕೇಳಲಿಲ್ಲ. ಸಾಗರ ಪೇಟೇಲಿ ಒಳ್ಳೆ ಹೆಡ್‌ಫೋನ್ ಎಲ್ಲಿ ಸಿಗ್ತದೆ?