ಹೆಡ್‌ಲೈಟಿಗೆ ‘ಫೋಕಸ್’ ಅನ್ನೋಣವೋ, ‘ವಾಟ’ ಅನ್ನೋಣವೋ?

ಮುಧೋಳದ ಕಡೆ ಈಗ ಕಬ್ಬಿನ ಸುಗ್ಗಿ. ಕತ್ತಲಾದ ಮೇಲೆ ಜಮಖಂಡಿ ರಸ್ತೆಯಲ್ಲಿ ಎದುರಿನ ಗಾಡಿಗಳ ಬೆಳಕು ನೇರ ಕಣ್ಣಿಗೇ ಹೊಡೆಯುತ್ತದೆ. ಹೋದ ವಾರ ಹಾಗೇ ಕಣ್ಣು ಕತ್ತಲೆ ಬಂದು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಲಿಗೆ ಗುದ್ದುವುದರಲ್ಲಿದ್ದೆ. ಮನೆಗೆ ಬಂದು ನನ್ನ ಬೈಕನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ನೋಡಿದರೆ ಅದರ ಬೆಳಕೂ ಮೇಲಕ್ಕೇ ಹೋಗುತ್ತಿತ್ತು. ಅಂದರೆ ಇಷ್ಟು ದಿನ ನಾನೂ ಬೇರೆಯವರ ಕಣ್ಣು ಕುಕ್ಕಿಸಿದ್ದೇನೆ.

ಗ್ಯಾರೇಜಿನವರು ನೋಡಿ, ‘ಫೋಕಸ್ ಔಟ್ ಆಗೇತ್ರಿ’ ಅಂದರು. ಸ್ಕ್ರೂ ತಿರುಗಿಸಿ ಸರಿ ಮಾಡಿಕೊಟ್ಟರು. ಗಿರಾಕಿಗಳಿಗೆ ತಿಳಿಯುವ ಹಾಗೆ ಈ ಬಗ್ಗೆ ಒಂದು ಬೋರ್ಡ್ ಬರೆದುಕೊಡಿ ಅಂತಲೂ ಕೇಳಿದ್ದಾರೆ. ಅಲ್ಲೇ ಪದಕ್ಕೆ ಸಿಕ್ಕಿಕೊಂಡೆ.

‘ಫೋಕಸ್’ ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಅದು ಎರಡು ಬೇರೆ ದೋಷಗಳನ್ನು ಒಂದೇ ಮಾಡುತ್ತದೆ. ಬಲ್ಬಿನ ತಂತಿ ರಿಫ್ಲೆಕ್ಟರಿನ ಸರಿಯಾದ ಜಾಗದಲ್ಲಿ ಕೂರದಿದ್ದರೆ ಬೆಳಕು ಚೆದುರುತ್ತದೆ. ಹ್ಯಾಲೊಜೆನ್ ದೀಪಕ್ಕೆ ಸುಮ್ನೆ ಎಲ್‌ಇಡಿ ಬಲ್ಬ್ ತುರುಕಿದಾಗ ಜಾಸ್ತಿ ಆಗುವುದು ಇದೇ. ಇದಕ್ಕೆ ಫೋಕಸ್ ಕೆಟ್ಟಿದೆ ಅನ್ನುವುದು ಸರಿ, ಎಷ್ಟು ಸ್ಕ್ರೂ ತಿರುಗಿಸಿದರೂ ಇದು ಹೋಗುವುದಿಲ್ಲ. ನನ್ನ ಬೈಕಿನಲ್ಲಿ ಬೆಳಕು ಚೆದುರಿರಲಿಲ್ಲ, ತಲೆ ಎತ್ತಿತ್ತು ಅಷ್ಟೇ. ಅದಕ್ಕೆ ಬೇರೆ ಮಾತು ಬೇಕು, ಅಲ್ವಾ?

‘ಗುರಿ’ ಒಗ್ಗಲಿಲ್ಲ. ಗುರಿ ಅಂದರೆ ತಾಗಿಸುವುದು, ಇಲ್ಲಿ ಯಾರ ಕಣ್ಣಿಗೂ ತಾಗಬಾರದು. ‘ಡಿಪ್ಪರ್’ ಆಗಲೇ ಬೇರೆ ಕೆಲಸಕ್ಕೆ, ಅಂದರೆ ದೂರದ ಬೆಳಕು (ಹೈ ಬೀಮ್), ಹತ್ತಿರದ ಬೆಳಕು (ಲೋ ಬೀಮ್) ಬದಲಿಸುವುದಕ್ಕೆ ಹೋಗಿದೆ.

ಆಗ ನೆನಪಾದದ್ದು ಮನೆ ಕಟ್ಟುವ ಗೌಂಡಿಗಳ ‘ವಾಟ’. ಬಚ್ಚಲಿಗೆ, ಮಾಳಿಗೆಗೆ ನೀರು ಹರಿದು ಹೋಗಲು ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡುತ್ತಾರಲ್ಲ, ಅದು. ಹೆಡ್‌ಲೈಟಿನ ಕೆಲಸವೂ ಹಾಗೇ. ಸಮನೆಲದಲ್ಲಿ, ಚಕ್ರದ ಗಾಳಿ ಸರಿಯಿಟ್ಟು, ಮೇಲೆ ಒಬ್ಬರು ಕೂತು, 10 ಮೀಟರ್ ದೂರದ ಗೋಡೆಗೆ ಲೋ ಬೀಮ್ ಬಿಡಬೇಕು. ಬೆಳಕಿನ ಮೇಲಂಚು ದೀಪದ ನಡುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ನೂರಕ್ಕೆ ಒಂದು ವಾಟ! ಹಿಂದೆ ಒಬ್ಬರು ಕೂತು ಮೇಲೊಂದು ಚೀಲ ಹೇರಿದರೆ ಹಿಂದಿನ ಶಾಕ್ ಅಬ್ಸಾರ್ಬರ್ ತಗ್ಗುತ್ತದೆ, ಮುಂದಿನ ದೀಪ ಏಳುತ್ತದೆ. ‘ವಾಟ ಹೋಯಿತು’ ಅಂದರೆ ಯಾರಿಗಾದರೂ ತಿಳಿಯುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದ ಮಾತೂ ಇದಕ್ಕೆ ಹತ್ತಿರ. 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದ ಹಾಗೆ ಬೆಳಕು ಯಾವಾಗಲೂ ಕೆಳಕ್ಕೆ ಬಾಗಿರಬೇಕು ಅನ್ನುತ್ತದೆ ಅದು.

‘ಇಳುಕಲು’ ಕೂಡ ಮನಸ್ಸಿನಲ್ಲಿದೆ. ಆದರೆ ಅದು ಗುಡ್ಡದ ದಾರಿಯಂಥ ದೊಡ್ಡ ಇಳಿತವನ್ನು ಕಣ್ಣಿಗೆ ತರುತ್ತದೆ. ‘ಉತಾರ’ ಅಂದರೂ ಇಳಿಜಾರೇ, ಆದರೆ ನಮ್ಮಲ್ಲಿ ಮೊದಲು ನೆನಪಾಗುವುದು ಹೊಲದ ಪಹಣಿ.

‘ದೀಪದ ವಾಟ ನೋಡಿಸಿಕೊಳ್ಳಿ’ ಅಂತ ಬರೆದರೆ ನಿಮಗೆ ಸರಿ ಅನ್ನಿಸುತ್ತದೆಯೇ? ಬೆಳಗಾವಿ, ವಿಜಯಪುರದ ಕಡೆಯ ಗೌಂಡಿಗಳೂ ವಾಟ ಅಂತಲೇ ಅನ್ನುತ್ತಾರೆಯೇ? ನಿಮ್ಮೂರಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಬೋರ್ಡಿಗೆ ಬಣ್ಣ ಬಳಿದು ಇಟ್ಟಿದ್ದಾರೆ, ಅಕ್ಷರ ಬರೆಯುವುದೊಂದೇ ಬಾಕಿ.