ಅಪ್‌ಡೇಟ್: ಅಣ್ಣನ ಅಂಗವಿಕಲ ವೇತನದ ಅರ್ಜಿ

ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿಯಲ್ಲಿರುವ ನಮ್ಮ ಅಣ್ಣನಿಗೆ ಅಂಗವಿಕಲ ವೇತನ ಪಡೆಯುವುದು ಹೇಗೆಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಅಂಗವಿಕಲರಿಗೆ ನೆರವಾಗುವ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಿದೆವು. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಚೀಟಿಯ ಆನ್‌ಲೈನ್ ಅರ್ಜಿಯನ್ನು ಅವರೇ ಮನೆಗೆ ಬಂದು ತುಂಬಿಕೊಟ್ಟರು. ವೈದ್ಯಕೀಯ ತಪಾಸಣೆಗೆ ಮಾತ್ರ ಅಣ್ಣ ಖುದ್ದಾಗಿ ಆಸ್ಪತ್ರೆಗೆ ಹೋಗಲೇಬೇಕಾಯಿತು, ಆದರೆ ನಡೆಯಲಾಗದವರನ್ನು ಪರೀಕ್ಷಿಸುವ ಕೊಠಡಿಯೇ ಮೊದಲ ಮಹಡಿಯಲ್ಲಿತ್ತು (ಲಿಫ್ಟ್ ಕೆಟ್ಟಿತ್ತು, ಕೇಳಬೇಡಿ). ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆನ್ನುವ 2016ರ ಹಕ್ಕುಗಳ ಕಾಯ್ದೆಯನ್ನು ಉಲ್ಲೇಖಿಸಿ ಮನವಿಪತ್ರ ಕೊಟ್ಟ ಮೇಲೆ ವೈದ್ಯರೇ ಕೆಳಗೆ ಬಂದು ಪರೀಕ್ಷಿಸಿದರು. ವೇತನಕ್ಕೆ ಕನಿಷ್ಠ ಶೇ. 40ರಷ್ಟು ವೈಕಲ್ಯ ದೃಢಪಡಬೇಕು. ಅಣ್ಣನ ವೈಕಲ್ಯ ಪ್ರಮಾಣಪತ್ರದಲ್ಲಿ ಅದಕ್ಕಿಂತ ಹೆಚ್ಚೇ ನಮೂದಾಗಿದೆ. ಆ ಪ್ರಮಾಣಪತ್ರ, ಆಧಾರ್, ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿದ್ದು, ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆಯೂ ಮುಗಿದಿದೆ; ಮಂಜೂರಾತಿ ಆದೇಶ ಇನ್ನೂ ಬರಬೇಕು.