ಸಹಾಯ ಬೇಕು: ಉರ್ದು ಕಾಗದಗಳ ತಲೆಯಲ್ಲಿರುವ 132 ಯಾವುದರ ಸಂಖ್ಯೆ?

ಹಳೆಯ ಉರ್ದು ಕಾಗದಗಳ ಪಟ್ಟಿ ಮಾಡುತ್ತಿದ್ದೇವೆ. ಹಲವದರ ತಲೆಯಲ್ಲಿ 786, ಅದರಡಿ 92. ಇವೆರಡರಲ್ಲಿ ಗೊಂದಲವಿಲ್ಲ. ಅಬ್ಜದ್ ಲೆಕ್ಕದಲ್ಲಿ, ಅಂದರೆ ಅರಬ್ಬಿಯ ಪ್ರತಿ ಅಕ್ಷರಕ್ಕೂ ಇರುವ ಬೆಲೆ ಕೂಡಿದರೆ, ಬಿಸ್ಮಿಲ್ಲಾ ವಾಕ್ಯದ ಬಿಸ್ಮಿ 102, ಅಲ್ಲಾಹ್ 66, ಅರ್ರಹ್ಮಾನ್ 329, ಅರ್ರಹೀಮ್ 289, ಕೂಡಿದರೆ 786. ಮುಹಮ್ಮದ್ ಎಂದರೆ 40, 8, 40, 4, ಒಟ್ಟು 92. ಬೆಲೆ ಬರೆದ ಅಕ್ಷರಕ್ಕೆ, ಉಚ್ಚಾರಕ್ಕಲ್ಲ. ರಹ್ಮಾನ್‌ನ ದೀರ್ಘಕ್ಕೂ ಒಂದು ಅಲಿಫ್ (ಬೆಲೆ 1ರ ಅಕ್ಷರ) ಹಿಡಿದವರಿಗೆ 787 ಬರುವುದು ಇದರಿಂದಲೇ.

ತೊಡಕಿರುವುದು ಕೆಲವು ಕಾಗದಗಳ 132ರಲ್ಲಿ. ‘ಇಸ್ಲಾಂ’ 1+60+30+1+40, ಅಂದರೆ 132. ಮುಹಮ್ಮದ್‌ನ ನಡುವಿನ ‘ಮ’ ಅಕ್ಷರ ಮೀಮ್‌ಗೆ ಶದ್ದ್ (ಅಕ್ಷರ ಇಮ್ಮಡಿಸುವ ಗುರುತು) ಇದೆಯೆಂದು ಎರಡು ಸಲ ಎಣಿಸಿದರೂ 92+40, ಅದೇ 132! ಶದ್ದ್ ಇದ್ದರೂ ಅಕ್ಷರ ಒಂದೇ ಎನ್ನುವುದು ರೂಢಿ, ಹಾಗಾಗಿ ನಮ್ಮ ಒಲವು ಮೊದಲನೆಯದರ ಕಡೆಗೆ. ಆದರೆ 132 ಇರುವಲ್ಲಿ 92 ಇಲ್ಲ, ಮುಹಮ್ಮದ್‌ಗೇ 132 ಬರೆದರೋ ಏನೋ, ಅದೇ ಅನುಮಾನ.

ಗೀಚುಬರಹದಲ್ಲಿ ಉರ್ದುವಿನ 2 ಮತ್ತು 3 ಬೆರೆತುಹೋಗುತ್ತವೆ. ಅಂಕಿಯನ್ನು 122 ಅಥವಾ 133 ಎಂದು ಓದಬಹುದೇ, ಅದನ್ನೂ ಹೇಳಿ.

ಮನೆಯ ಹಳೆಯ ಪತ್ರ, ತಾವೀಜು, ಅಂಗಡಿಯ ಲೆಕ್ಕದ ಪುಸ್ತಕಗಳಲ್ಲಿ 132 ಕಂಡವರು ತಲೆಭಾಗದ ಫೋಟೋ ಹಾಕಿ, ಜೊತೆಗೆ ಊರು, ಇಸವಿ ತಿಳಿಸಿ. ಬಿಸ್ಮಿಲ್ಲಾದ ಬದಲು ಅಂಕಿ ಬರೆಯುವುದು ಸರಿಯೇ ಎಂಬ ಚರ್ಚೆ ದಯವಿಟ್ಟು ಇಲ್ಲಿ ಬೇಡ. ಆಕ್ಷೇಪಿಸುವ ಉಲಮಾಗಳಿದ್ದಾರೆ, ಗೊತ್ತು.